ಅವ್ವನ ಮುಂದೆ ಓದಬಹುದಾದ ಪ್ರೀತಿ

ಗೆಳೆಯರೇ, ಇಂದು ಅಫಜಲಪುರದ ಗ್ರಂಥಾಲಯದಲ್ಲಿ ನಾಚಿಕೆ ಬಿಟ್ಟು ಕೇಳಿದೆ: "ಮಾಯಾ, ಮಂತ್ರ, ಸಾಹಸ ಇರೋ ಕಾದಂಬರಿ ಬೇಕ್ರಿ. ಪ್ರೀತಿನೂ ಇರ್ಲಿ. ಆದ್ರ ನಮ್ಮವ್ವನ ಮುಂದ ಓದೋ ಹಂಗಿರ್ಬೇಕ್ರಿ."

ನಮ್ಮ ಮನೆಯಲ್ಲಿ ಸಂಜೆ ಅವ್ವ ರೊಟ್ಟಿ ಬಡಿಯುವಾಗ ಯಾರಾದರೂ ಗಟ್ಟಿಯಾಗಿ ಪುಸ್ತಕ ಓದಬೇಕು. ಮೊದಲು ಅಕ್ಕ ಓದುತ್ತಿದ್ದಳು. ಐದು ತಿಂಗಳ ಹಿಂದೆ ಅವಳು ತೀರಿಕೊಂಡ ಮೇಲೆ ಆ ಜಾಗ ಖಾಲಿ ಇತ್ತು. ಕಳೆದ ವಾರ ಅವಳ ಮಗಳು, ಹದಿನಾಲ್ಕರ ಸಹನಾ, ತಾನಾಗಿಯೇ ಓದಲು ಬಂದು ಕೂತಳು. ಮುಖಪುಟದ ಹಾರುವ ಕುದುರೆ ನೋಡಿ ನಾನೇ ತಂದಿದ್ದ ಪುಸ್ತಕ. ಮೂರನೆಯ ದಿನ ಪ್ರಣಯದ ಪ್ರಸಂಗ ಬಂದಾಗ ಅವಳು ನಾಚಿ, ಮುಖ ಕೆಂಪು ಮಾಡಿಕೊಂಡು ನಾಲ್ಕು ಪುಟ ಹಾರಿಸಿದಳು. "ಕುದುರಿ ಎಲ್ಲಿ ಹೋತು ಬೇ?" ಎಂದಳು ಅವ್ವ. ಸಹನಾ ಪುಸ್ತಕ ಮುಚ್ಚಿದಳು. ಆಮೇಲೆ ಮನೆಯಲ್ಲಿ ರೊಟ್ಟಿಯ ಸಪ್ಪಳ ಮಾತ್ರ.

ಗ್ರಂಥಾಲಯದ ಮೇಡಂ ನನ್ನ ಮಾತು ಕೇಳಿ ನಗಲಿಲ್ಲ. ಒಳಗಿನ ಕಪಾಟಿನಿಂದ ಒಂದು ಪುಸ್ತಕ ತಂದರು. "ಇದನ್ನ ನಮ್ಮ ಅತ್ತಿ ಮುಂದ ಪೂರಾ ಓದೀನ್ರಿ. ಒಂದು ಹಾಳಿನೂ ಹಾರ್ಸಿಲ್ಲ. ಬಿಂದಾಸ್ ಒಯ್ರಿ."

ಇಂದು ಸಂಜೆ ಸಹನಾ ಮತ್ತೆ ಓದಿದಳು. ಕಥೆಯ ಹುಡುಗ ಹುಡುಗಿ ರಾಕ್ಷಸನ ಕೋಟೆ ಹುಡುಕುತ್ತ ದಿನಗಟ್ಟಲೆ ಬೆಟ್ಟ ಹತ್ತುತ್ತಿದ್ದರು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಇಬ್ರೂ ಹತ್ತು ದಿನದಿಂದ ಗುಡ್ಡಾ ಏರಾಕತ್ತಾರ. ಆ ಹುಡುಗ ಒಮ್ಮೆರ ಆಕಿ ಕೈ ಹಿಡಿಬಾರದೇನು?"

ಸಹನಾ ನಕ್ಕಳು. ಐದು ತಿಂಗಳಿಂದ ನಾವು ಆ ನಗು ಕೇಳಿರಲಿಲ್ಲ.

ಮೇಡಂ ಅವರಿಗೆ ನನ್ನ ಶರಣು. ನಾಳೆ ಹೋಗಿ ಹೇಳಬೇಕು, ನಿಮ್ಮ ಅತ್ತೆಗಿಂತ ನಮ್ಮವ್ವ ಸ್ವಲ್ಪ ಮುಂದಿದ್ದಾಳೆ ಎಂದು.