ಹಾಳೆಯ ಮೊದಲ ಸಾಲು

ಕುಡಿತ ಬಿಡಿಸುವ ಆ ಆಸ್ಪತ್ರೆಯ ದಾದಿಯನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಕುಡುಕರ ವಾಂತಿ ಬಳಿದ ಕೈ ಅವಳದು. ಒಮ್ಮೆಯೂ ಮೂಗು ಮುರಿದವಳಲ್ಲ. ಅವಳಿಗೆ ಹೇಸಿಗೆ ಹುಟ್ಟಿದ್ದು ಚಹಾ ಕುಡಿಯುವ ಕೋಣೆಯಲ್ಲಿ.

ಮೂರನೆಯ ಮಂಚದ ದರ್ಜಿಯನ್ನು ಸೇರಿಸಿದವನು ಒಬ್ಬ ಬಸ್ ಕಂಡಕ್ಟರ್. ಹನ್ನೊಂದು ವರ್ಷದಿಂದ ಆ ಇಬ್ಬರು ಗಂಡಸರೂ ಒಂದೇ ಮನೆಯಲ್ಲಿ ಸಂಸಾರ ಹೂಡಿದ್ದರು. ದರ್ಜಿ ಅದನ್ನು ಮುಚ್ಚಿಡಲಿಲ್ಲ.

"ಅಕ್ಕಾ, ಮೂರನೇ ಮಂಚಕ್ಕೆ ಸೂಜಿ ಹಾಕೋವಾಗ ಎರಡೆರಡು ಗ್ಲೌಸ್ ಹಾಕ್ಕೊಳ್ಳಿ!" ಎಂದಿದ್ದ ಕಾಂಪೌಂಡರ್, ಚಹಾ ಕೋಣೆಯಲ್ಲಿ ಮೊದಲ ದಿನ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದು ಅಕ್ಕನೂ ನಕ್ಕಿದ್ದಳು. ದಿನವೂ ಅದೇ ಕೊಳಕು ಮಾತು ಕೇಳಿ ಕೇಳಿ, ತನ್ನ ಆ ನಗುವನ್ನು ನೆನೆದರೇ ಅವಳಿಗೆ ಓಕರಿಕೆ ಬರುತ್ತಿತ್ತು.

ಪ್ರತಿಯೊಬ್ಬ ರೋಗಿಯೂ ತನ್ನ ಕುಡಿತದ ಕಾರಣಗಳನ್ನು ಹಾಳೆಯಲ್ಲಿ ಬರೆಯಬೇಕು. ಇಪ್ಪತ್ತೊಂದನೆಯ ದಿನ ಮನೆಯವರು ಎದುರು ಕುಳಿತು ತಾವು ಪಟ್ಟ ಪಾಡನ್ನು ಹೇಳಬೇಕು. ಇದು ಅಲ್ಲಿನ ಪದ್ಧತಿ. ದರ್ಜಿಯ ಹಾಳೆಯ ಮೊದಲ ಸಾಲನ್ನು ಮಾತ್ರ ಆಸ್ಪತ್ರೆಯ ಸಲಹೆಗಾರರೇ ಬರೆದಿದ್ದರು: 'ಕಂಡಕ್ಟರನ ಸಹವಾಸ.'

ದರ್ಜಿಯ ಇಪ್ಪತ್ತೊಂದನೆಯ ದಿನ ಕಂಡಕ್ಟರ್ ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಬಂದ.

"ಮನೆಯವ್ರಿಗೆ ಮಾತ್ರ ಕಣಪ್ಪಾ. ಇವನ ಅಣ್ಣನೋ ತಮ್ಮನೋ ಇದ್ರೆ ಕಳಿಸು," ಎಂದರು ಸಲಹೆಗಾರರು.

"ಅವ್ರು ಇವನ ಮುಖ ನೋಡಿ ಹತ್ತು ವರ್ಷ ಆಯ್ತು ಸಾರ್."

"ರೋಗಾನೇ ಪಕ್ಕದಲ್ಲಿ ಕೂರಿಸ್ಕೊಂಡು ಔಷಧಿ ಕೊಡೋಕಾಗತ್ತೇನಯ್ಯಾ?"

ಇದನ್ನು ಕೇಳಿದ ದರ್ಜಿ ಸರಸರನೆ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡು ಎದ್ದ. ಹೀಗೆ ಹೊರಟವನು ನೆಟ್ಟಗೆ ಹೆಂಡದಂಗಡಿಗೇ ಹೋಗುವನೆಂದು ಅಕ್ಕನಿಗೆ ಗೊತ್ತು. ಇನ್ನೊಮ್ಮೆ ಕುಡಿದರೆ ಲಿವರ್ ಉಳಿಯದೆಂದು ಡಾಕ್ಟರು ಹೇಳಿಯಾಗಿತ್ತು.

"ಸಾರ್, ಇವನನ್ನ ಹೊತ್ಕೊಂಡು ಬಂದಾಗ ಕಂಡಕ್ಟರಣ್ಣನ ಮೈಯೆಲ್ಲಾ ವಾಂತಿ. ಒರೆಸ್ಕೊಳ್ಳಲಿಲ್ಲ, ಮೊದ್ಲು ಇವನನ್ನ ನೋಡಿ ಅಂದ. ಮನೆಯವ್ರು ಅಂದ್ರೆ ಇನ್ನೇನು?" ಎಂದಳು ಅಕ್ಕ.

"ನೀವು ನಿಮ್ಮ ಕೆಲ್ಸ ನೋಡ್ಕೊಳ್ಳಿ."

"ಹೊಲಸು ತೆಗೆಯೋದೇ ನನ್ನ ಕೆಲ್ಸ," ಎಂದವಳೇ ಮೇಜಿನ ಮೇಲಿದ್ದ ಹಾಳೆಯ ಮೊದಲ ಸಾಲನ್ನು ಹೊಡೆದುಹಾಕಿ, ದರ್ಜಿಯ ಎದುರಿಗೆ ಕುರ್ಚಿ ಎಳೆದಳು. "ಕೂತ್ಕೋ ಕಂಡಕ್ಟರಣ್ಣಾ."

ಸಲಹೆಗಾರರು ಕರ್ಚೀಫನ್ನು ಮೂಗಿಗೆ ಒತ್ತಿಕೊಂಡರು.

"ತೆಗೀರಿ ಸಾರ್. ಇವತ್ತು ಇಲ್ಲಿ ಯಾರೂ ವಾಂತಿ ಮಾಡಿಲ್ಲ," ಎಂದಳು ಅಕ್ಕ.

ಕಂಡಕ್ಟರ್ ಕುರ್ಚಿಯ ಅಂಚಿಗೆ ಕುಳಿತು ದರ್ಜಿಯ ಕಡೆ ತಿರುಗಿದ. "ದಿನಾ ಡ್ಯೂಟಿ ಮುಗಿಸಿ ಬಂದು, ಒಳಗೆ ಬರೋ ಮುಂಚೆ ಬಾಗಿಲಿಗೆ ಕಿವಿ ಕೊಡ್ತಿದ್ದೆ. ಹೊಲಿಗೆ ಮಿಷನ್ ಸದ್ದು ಕೇಳಿದ್ರೆ ಸರಿ. ಕೇಳ್ಲಿಲ್ಲ ಅಂದ್ರೆ, ಒಳಗೆ ಹೋಗೋಕೇ ಕಾಲು ಬರ್ತಿರ್ಲಿಲ್ಲ ಕಣೋ."

ದರ್ಜಿಯ ಕೈಯಲ್ಲಿದ್ದ ಚೀಲ ನೆಲಕ್ಕಿಳಿಯಿತು.