ನಾಲಿಗೆಯಡಿಯ ಗುಳ್ಳೆ

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಬಾಯೊಳಗೆ ಶಸ್ತ್ರಚಿಕಿತ್ಸೆಯಾಯಿತು. ಅದು ಕಾಫಿ ಹೂವಿಗೆ ಮುಂಚೆ ಎಂದು ನಾನು ಬಹುಕಾಲ ಹೇಳುತ್ತಿದ್ದೆ. ಹೂ ಅರಳಿದ ಮೇಲೆ ಎಂದು ಹೆಂಡತಿ ತಿದ್ದುತ್ತಿದ್ದಳು. ಈಚೆಗೆ ಆಸ್ಪತ್ರೆಯ ಬಿಡುಗಡೆ ಚೀಟಿಯನ್ನೂ ಹೂಮಳೆಯ ದಿನ ಬರೆದಿಟ್ಟಿದ್ದ ನನ್ನ ಮಳೆ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಅವಳ ಮಾತೇ ಸರಿ.

ಆಗ ನಾನು ಚಿಕ್ಕಮಗಳೂರಿನ ಒಂದು ಕಾಫಿ ಪ್ರಯೋಗಾಲಯದಲ್ಲಿ ಸಂಶೋಧಕನಾಗಿದ್ದೆ. ತೋಟಗಳಿಂದ ಬಂದ ಮಾದರಿಗಳನ್ನು ಕುದಿನೀರಿನಲ್ಲಿ ನೆನೆಸಿ, ಚಮಚದಿಂದ ಸದ್ದಾಗುವಂತೆ ಹೀರಿ, ಉಗಿದು, ರುಚಿಯ ದೋಷಗಳನ್ನು ಗುರುತಿಸುವುದು ನನ್ನ ಕೆಲಸದ ಮುಖ್ಯ ಭಾಗ. ನಾಲಿಗೆ ಕೆಟ್ಟರೆ ಆ ಕೊಠಡಿಯಲ್ಲಿ ನನಗೆ ಸ್ಥಾನವಿರಲಿಲ್ಲ.

ಕೊಯ್ಲಿನ ಆರಂಭದಲ್ಲಿ ನಾಲಿಗೆಯಡಿ, ಎಡಗಡೆ, ನೀಲಿ ಛಾಯೆಯ ಗುಳ್ಳೆಯೊಂದು ಕಾಣಿಸಿತು. ನೋವಿರಲಿಲ್ಲ. ಬಿಸಿ ಕಾಫಿ ಹೀರಿ ಎದ್ದ ಬೊಬ್ಬೆ ಎಂದುಕೊಂಡೆ. ಅದು ಒಡೆದು ಅಂಟಾದ ದ್ರವ ಬಂತು; ಮತ್ತೆ ತುಂಬಿತು, ಮತ್ತೆ ಒಡೆಯಿತು. ಆಮೇಲೆ ತುಂಬಲಿಲ್ಲವಾದ್ದರಿಂದ ವಾಸಿಯಾಯಿತೆಂದು ಮರೆತೆ. ಕೆಲವು ವಾರಗಳ ಬಳಿಕ ದವಡೆಯ ಕೆಳಗೆ, ಕುತ್ತಿಗೆಯಲ್ಲಿ, ಮೆತ್ತನೆಯ ಊತ ಬಂತು. ಎರಡಕ್ಕೂ ಸಂಬಂಧವಿರಬಹುದೆಂದು ನನಗೆ ಹೊಳೆಯಲಿಲ್ಲ.

ನಮ್ಮ ಕಡೆ ಕುತ್ತಿಗೆ ಊದಿದರೆ ಎಲ್ಲರೂ ಮೊದಲು ಹೇಳುವುದು ಗಳಗಂಡವೆಂದೇ. ಮಾದರಿ ತಂದಿದ್ದ ಗೋಣಿಬೀಡಿನ ತೋಟವೊಂದರ ಲೆಕ್ಕ ಬರೆಯುವ ಎಸ್ಟೇಟ್ ರೈಟರು, ನನ್ನ ಹಳೆಯ ಸಹಪಾಠಿ, ನೋಡಿದ ಕೂಡಲೇ ತೀರ್ಪು ಕೊಟ್ಟರು.

"ಗಳಗಂಡವೇ ಮಾರಾಯ. ನಮ್ಮಜ್ಜಿಗೂ ಹಿಂಗೇ ಇತ್ತು. ಮನೇಲಿ ಇನ್ನೂ ಅಯೋಡಿನ್ ಇಲ್ದ ಹರಳುಪ್ಪೇ ಅಲ್ವಾ?"

"ಉಪ್ಪಿನಕಾಯಿಗೆ ಮಾತ್ರ."

"ಹಾಗಾದ್ರೆ ಉಪ್ಪಿನಕಾಯಿ ಬಿಡು. ಇಷ್ಟು ಓದಿದೋನಿಗೆ ನಾನು ಹೇಳ್ಬೇಕಾ?"

ನಾನು ಬಿಟ್ಟೆ. ಅಡುಗೆಮನೆಯಲ್ಲಿ ಅಯೋಡಿನ್ ಉಪ್ಪು ಮಾತ್ರ ಉಳಿಯಿತು. ಊತ ಬೆಳೆಯಿತು. ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ಏನೂ ದೋಷ ಕಾಣದಿದ್ದಾಗ, ಕೊಟ್ಟಿಗೆಹಾರ ದಾಟಿ ಘಟ್ಟ ಇಳಿದು ಒಬ್ಬ ಶಸ್ತ್ರವೈದ್ಯೆಯ ಬಳಿಗೆ ಹೋದೆವು. ಅವರು ಕುತ್ತಿಗೆಯನ್ನು ಒತ್ತಿ ನೋಡಿ, ನಾಲಿಗೆ ಎತ್ತಲು ಹೇಳಿದರು.

"ಇಲ್ಲಿ ಮೊದ್ಲು ಗುಳ್ಳೆ ಏನಾದ್ರೂ ಇತ್ತಾ?"

ಇತ್ತೆಂದೆ. ಅದೇ ಕುತ್ತಿಗೆಗೆ ಇಳಿದಿರಬಹುದು ಎಂದರು ವೈದ್ಯೆ. ಹೆಂಡತಿ ನನ್ನತ್ತ ತಿರುಗಿದಳು.

"ಹನಿ ಮಳೆ ಬಿದ್ರೂ ಬರ್ದಿಡ್ತೀರಿ. ಇದನ್ನ ನಂಗೂ ಹೇಳ್ಲಿಲ್ಲ."

"ಹೋಯ್ತಲ್ಲ ಅಂತ ಸುಮ್ನಾದೆ."

"ಎಲ್ಲಿಗೆ ಹೋಯ್ತು ಅಂತ ಈಗ ಗೊತ್ತಾಯ್ತಲ್ಲ."

ವೈದ್ಯೆ ನಕ್ಕರು. ಸೂಜಿಯಲ್ಲಿ ಎಳೆದ ದ್ರವ ಸಿಪ್ಪೆ ಸುಲಿದ ಕಾಫಿ ಬೀಜದ ಲೋಳೆಯಂತೆ ಜಿಗುಟಾಗಿತ್ತು. ಅದು ಜೊಲ್ಲು, ನಾಲಿಗೆಯಡಿಯ ಗ್ರಂಥಿಯಿಂದ ಸೋರಿ, ಬಾಯಿಯ ತಳದ ಸ್ನಾಯುವನ್ನು ದಾಟಿ ಕುತ್ತಿಗೆಗೆ ಇಳಿದಿತ್ತು. ದ್ರವವನ್ನಷ್ಟೇ ತೆಗೆದರೆ ಮತ್ತೆ ತುಂಬುತ್ತದೆ, ಗ್ರಂಥಿಯನ್ನೇ ಬಾಯೊಳಗಿಂದ ತೆಗೆಯಬೇಕು, ಕುತ್ತಿಗೆ ಕೊಯ್ಯಬೇಕಾಗಿಲ್ಲ ಎಂದು ಅವರು ವಿವರಿಸಿದರು. ಆದರೆ ನಾಲಿಗೆಯ ನರ ಆ ಗ್ರಂಥಿಗೆ ತಾಗಿಕೊಂಡೇ ಹೋಗುತ್ತದೆ. ನಾನು ನನ್ನ ಕೆಲಸ ಏನೆಂದು ಹೇಳಿದೆ.

"ನರವನ್ನ ಕಾಪಾಡ್ತೀವಿ. ಆದ್ರೂ ಅದು ಎಳೆದಂತಾದ್ರೆ ಒಂದು ಬದಿ ಜೋಮು ಹಿಡಿಯುತ್ತೆ. ಹೆಚ್ಚಿನವರಿಗೆ ಸರಿಹೋಗುತ್ತೆ. ಖಂಡಿತ ಅಂತ ಮಾತು ಕೊಡೋದಿಲ್ಲ."

ಆ ಕೊನೆಯ ವಾಕ್ಯದಿಂದಲೇ ನನಗೆ ಅವರಲ್ಲಿ ನಂಬಿಕೆ ಹುಟ್ಟಿತು.

ಶಸ್ತ್ರಚಿಕಿತ್ಸೆಯ ನಂತರ ತಣ್ಣನೆಯ ಗಂಜಿ ಕುಡಿಯುತ್ತ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುತ್ತ ದಿನ ಕಳೆದೆ. ಹೊಲಿಗೆಗಳು ತಾವಾಗಿಯೇ ಕರಗಿದವು. ಕುತ್ತಿಗೆಯ ಊತ ಇಳಿಯಿತು. ನಾಲಿಗೆಯ ಎಡ ಅಂಚು ಮಾತ್ರ ನನ್ನದಲ್ಲವೆಂಬಂತೆ ಮರಗಟ್ಟಿತ್ತು. ಕೆಲಸಕ್ಕೆ ಮರಳಿದಾಗ, ನನ್ನ ಬಳಿಯೇ ರುಚಿ ಪರೀಕ್ಷೆ ಕಲಿತ ಸಹೋದ್ಯೋಗಿ ಕಾಫಿ ಹೀರಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಮುಂಗಾರು ಪೂರ್ತಿ ಹೀಗೆಯೇ ಸಾಗಿತು.

ಮಳೆ ಕಡಿಮೆಯಾಗುವ ಹೊತ್ತಿಗೆ ನಾಲಿಗೆಯ ಜೋಮೂ ಇಳಿದಿತ್ತು; ಒಂದು ಬೆಳಿಗ್ಗೆ ಇಬ್ಬರೂ ಐದು ಕಪ್ಪುಗಳ ರುಚಿ ನೋಡಿದೆವು. ಬರೆದು ಮುಗಿಸುವವರೆಗೆ ಮುಖಭಾವವನ್ನೂ ತೋರಿಸಬಾರದೆಂಬುದು ಆ ಕೊಠಡಿಯ ಕ್ರಮ. ನಾಲ್ಕನೆಯದರಲ್ಲಿ ಹುದುಗು ಹೆಚ್ಚಾದ ಹುಳಿಯಿದೆ ಎಂದು ನಾನು ಬರೆದಿದ್ದೆ. ಅವರ ಹಾಳೆಯಲ್ಲಿ ಐದೂ ನಿರ್ದೋಷ. ಅವರು ನಾಲ್ಕನೆಯದನ್ನು ಮತ್ತೆ ಹೀರಿದರು.

"ಇದೆ ಸರ್. ನಂಗೆ ತಪ್ಪಿಹೋಯ್ತು."

"ನನ್ನ ಮೇಲಿನ ಗೌರವಕ್ಕೆ ಹೇಳ್ಬೇಡಿ."

ಅವರು ನನ್ನನ್ನು ಗೋಡೆಯ ಕಡೆ ತಿರುಗಿ ನಿಲ್ಲಲು ಹೇಳಿ ಕಪ್ಪುಗಳ ಜಾಗ ಬದಲಾಯಿಸಿದರು. ನಾನು ಒಂದೊಂದಾಗಿ ಹೀರಿ, ಉಗಿದು, ಎರಡನೆಯದನ್ನು ತೋರಿಸಿದೆ. ಅವರು ಅದನ್ನೆತ್ತಿ ತಳದ ಚೀಟಿಯಲ್ಲಿದ್ದ ನಾಲ್ಕು ಎಂಬ ಅಂಕಿಯನ್ನು ಓದಿದರು. ಬಳಿಕ ದಾಖಲೆ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದರು.

"ಮುಂದಿನ ಮಾದರಿ ನೀವೇ ಹೇಳಿ ಸರ್," ಎಂದರು.