ಹೊಲಿಗೆಗೆ ಬಿಟ್ಟ ಒಂದಡಿ

ನಮ್ಮ ಅತ್ತೆ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಅಲ್ಲಿ ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ಆಳೆತ್ತರದ ಕನ್ನಡಿ, ಎಲ್ಲಿ ಕೂತರೂ ಚುಚ್ಚುವ ಗುಂಡುಸೂಜಿಗಳು. ಹೇಳಬಾರದ ಮಾತು ನಾಲಿಗೆಯ ತುದಿಗೆ ಬಂದರೆ ಅತ್ತೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಳ್ಳುತ್ತಾರೆ. ಗಿರಾಕಿಯೊಬ್ಬಳು "ನಾನೇನೂ ದಪ್ಪ ಆಗಿಲ್ಲ, ನಿಮ್ಮ ಟೇಪೇ ಸರಿಯಿಲ್ಲ" ಅಂದಾಗ ಒಂದರ ಪಕ್ಕ ಒಂದು ಸೂಜಿ ಸಾಲಾಗಿ ಕಚ್ಚಿದ್ದನ್ನು ನಾನೇ ನೋಡಿದ್ದೇನೆ. ನನಗೆ ಆ ಅಭ್ಯಾಸವಿಲ್ಲ. ನಾನು ಬಾಯಿಬಡುಕಿ, ಈ ಮನೆಯಲ್ಲಿ ಅದೇನೂ ಗುಟ್ಟಲ್ಲ.

ಮಾವ ಬಸ್ ಕಂಡಕ್ಟರ್ ಆಗಿದ್ದವರು. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು, ಒಂದು ಕೈಯಲ್ಲಿ ಟಿಕೆಟ್ ಹರಿದು, ಇನ್ನೊಂದು ಕೈಯಲ್ಲಿ ಚಿಲ್ಲರೆ ಕೊಟ್ಟು ಆಯುಷ್ಯವಿಡೀ ಕಳೆದ ಮನುಷ್ಯ. ಅಂಥವರು ಹೋದ ಮಳೆಗಾಲದಲ್ಲಿ ನಮ್ಮದೇ ಹಿತ್ತಲ ಬಾಗಿಲಾಚೆಯ ಪಾಚಿಗಟ್ಟಿದ ನೆಲದ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ ಬಿರುಕುಬಿಟ್ಟಿತು. ಮೂಳೆ ಕೂಡಿಕೊಂಡಿತು, ಡಾಕ್ಟರು ನಡೆಯಿರಿ ಅಂದರು, ಮಾವ ಮನೆಯೊಳಗೆ ಚೆನ್ನಾಗಿಯೇ ನಡೆದರು. ಹಿತ್ತಲಿಗೆ ಮಾತ್ರ ಜಪ್ಪಯ್ಯ ಅಂದರೂ ಕಾಲಿಡಲಿಲ್ಲ. "ಹಿತ್ತಲಿಗೂ ನನಗೂ ಮಾತು ಬಿಟ್ಟಿದೆ" ಎಂದು ತಮಾಷೆ ಮಾಡಿ, ಹಿಂದಿನ ಕೋಣೆಯ ಕಿಟಕಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಅದು ತಮಾಷೆಯಲ್ಲ, ಭಯ ಎಂದು ನಮಗೆಲ್ಲ ಗೊತ್ತಿತ್ತು. ಭಯಕ್ಕಿಂತಲೂ ಅವಮಾನ ಹೆಚ್ಚು. ಓಡುವ ಬಸ್ಸಿನಲ್ಲಿ ಬೀಳದವರು ನಿಂತ ನೆಲದಲ್ಲಿ ಬಿದ್ದಿದ್ದರು.

ಅದಕ್ಕೂ ಮೊದಲು ಬೆಳಗಿನ ಕಾಫಿ ಇಬ್ಬರಿಗೂ ಹಿತ್ತಲಲ್ಲೇ ಆಗುತ್ತಿತ್ತು. ಅತ್ತೆ ಯಂತ್ರದ ಮುಂದೆ ಕೂರುವ ಮೊದಲು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದರು, ಮಾವ ಹೂಕುಂಡಗಳಿಗೆ ನೀರು ಹಾಕುತ್ತ ಹಳೆಯ ಪ್ರಯಾಣಿಕರ ಕಥೆ ಹೇಳುತ್ತಿದ್ದರು. ಮಾವ ಬಿದ್ದ ಮೇಲೆ ಅತ್ತೆ ಒಬ್ಬರೇ ಲೋಟ ಹಿಡಿದು ಹೋಗಿ, ಅರ್ಧ ಕುಡಿದು, ಒಳಗೆ ಬಂದುಬಿಡುತ್ತಿದ್ದರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ಆ ಅರ್ಧ ಲೋಟವನ್ನು ಸಿಂಕಿಗೆ ಸುರಿದು, "ಹಿತ್ತಲು ಪೂರ್ತಿ ಬಿಚ್ಚಿ ಹೊಲೀಬೇಕು ಕಣೇ" ಅಂದರು.

"ಹಿತ್ತಲನ್ನ ಹೊಲಿಯೋದಾ ಅತ್ತೆ?"

"ಕೆಳಗೆ ಜಲ್ಲಿ, ಮೇಲೆ ಸೂರು. ಮಳೆ ಬಂದ್ರೂ ಕೂರೋ ಹಾಗಿರಬೇಕು. ಕಾಲಿಟ್ರೆ ಜಾರಬಾರದು."

ನಮ್ಮವರು, ಅಂದರೆ ಅತ್ತೆಯ ಮಗ, ಪೇಪರ್ ಓದುತ್ತಿದ್ದವರು ತಲೆಯೆತ್ತಿ, "ಸಿಮೆಂಟ್ ಹಾಕಿಸ್ಬಿಡೋಣಮ್ಮ, ಒಂದೇ ದಿನದ ಕೆಲಸ" ಅಂದರು.

"ಸಿಮೆಂಟಿನ ಮೇಲೆ ನಾಲ್ಕು ಮಳೆ ಬಿದ್ರೆ ಪಾಚಿ. ಪಾಚಿ ಮೇಲೆ ನಿಮ್ಮಪ್ಪ ಕಾಲಿಡ್ತಾರೇನೋ? ಜಲ್ಲಿ ಆದ್ರೆ ನೀರು ಕೆಳಗೆ ಇಳಿದುಹೋಗುತ್ತೆ, ಕಲ್ಲು ಕಾಲನ್ನ ಹಿಡ್ಕೊಳ್ಳುತ್ತೆ. ಸುಮ್ನೆ ಪೇಪರ್ ಓದು."

ಅವರು ಸುಮ್ಮನೆ ಪೇಪರ್ ಓದಿದರು. ಮಗನೆಂದರೆ ಹೀಗಿರಬೇಕು.

ಅಂದಿನಿಂದ ಅತ್ತೆ ಹಿತ್ತಲಿನ ಹಿಂದೆ ಕೈತೊಳೆದುಕೊಂಡು ಬಿದ್ದರು. ಬೇರೆಯವರಾದರೆ ಮೊದಲು ಜಾಗ ಅಳೆಯುತ್ತಾರೆ. ಅತ್ತೆ ಮೊದಲು ಮಾವನನ್ನು ಅಳೆದರು. ಕುರ್ಚಿಯಲ್ಲಿ ಕೂತು ಕಾಲು ಚಾಚಿದರೆ ಎಷ್ಟು, ಪೇಪರ್ ಅಗಲಿಸಿ ಹಿಡಿದರೆ ಎಷ್ಟು, ಪಕ್ಕದಲ್ಲಿ ತಮ್ಮ ಕುರ್ಚಿ ಹಾಕಿದರೆ ಎಷ್ಟು. ಮಾವ ಕೈಯೆತ್ತಿ ನಿಂತು, "ಏನೇ ಇದು, ನನಗೆ ಕೋಟು ಹೊಲೀತಿದ್ದೀಯಾ?" ಎಂದು ಕೇಳಿದರು.

"ಇಲ್ಲಾರೀ, ನೆರಳು ಹೊಲೀತಿದ್ದೀನಿ."

"ಹೊಲಿ ಹೊಲಿ. ಹಾಕ್ಕೊಳ್ಳೋರು ಯಾರು ಅಂತ ನೋಡ್ತೀನಿ."

ಅತ್ತೆ ಬಾಯಿಗೆ ಎರಡು ಸೂಜಿ ಹೋದವು.

ಆಮೇಲೆ ಟ್ರಯಲ್. ಟ್ರಯಲ್ ಇಲ್ಲದೆ ಅವರ ಕೈಯಿಂದ ಒಂದು ಲಂಗವೂ ಹೊರಗೆ ಹೋಗುವುದಿಲ್ಲ, ಹಿತ್ತಲು ಹೋಗುತ್ತದೆಯೇ? ಮನೆಯಲ್ಲಿದ್ದ ಹಳೆಯ ಪರದೆಗಳನ್ನೆಲ್ಲ ಸೇರಿಸಿ ಹೊಲಿದು, ನನ್ನ ಬಟ್ಟೆ ಒಣಗಿಸುವ ಹಗ್ಗಕ್ಕೇ ಕ್ಲಿಪ್ ಹಾಕಿ ಹಿತ್ತಲಿನ ಮೇಲೆ ಕಟ್ಟಿದರು. ಬೆಳಗಿನ ನೆರಳು ಎಲ್ಲಿ ಬೀಳುತ್ತದೆ, ಮಧ್ಯಾಹ್ನದ್ದು ಎಲ್ಲಿ ಎಂದು ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದರು. ಆ ವಾರ ನಮ್ಮ ಒದ್ದೆ ಬಟ್ಟೆಯೆಲ್ಲ ಕಿಟಕಿ, ಬಾಗಿಲು, ಕುರ್ಚಿಗಳ ಮೇಲೆ ಒಣಗಿತು. ನಾನು ಗೊಣಗಿದೆ. ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಮಾವ ಮಾತ್ರ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದರು. ನೋಡುತ್ತಿಲ್ಲ ಎಂದು ತೋರಿಸಿಕೊಳ್ಳಲು ಪೇಪರ್ ಹಿಡಿದಿರುತ್ತಿದ್ದರು. ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟರು: "ಏ, ಬಾಗಿಲ ಹತ್ರ ಸೂರಿಲ್ಲ, ಅಲ್ಲಿಂದಾಚೆ ಸೂರಿದೆ. ನಡುವೆ ನೆನೀಬೇಕಾ? ನಾನು ಬಿದ್ದಿದ್ದೇ ಅಲ್ಲಿ."

"ಬಾಗಿಲ ಮೇಲೆ ಸಜ್ಜಾ ಇದೆಯಲ್ರೀ."

"ಸಜ್ಜಾ ನಿನ್ನ ತಲೆಗೆ ಸಾಕು. ಕಾಲಿಗೆ?"

ಅಳತೆಯ ವಿಷಯದಲ್ಲಿ ಅತ್ತೆಗೆ ಯಾರೂ ಬುದ್ಧಿ ಹೇಳಬಾರದು. ಅವರು ಒಳಗೆ ಹೋಗಿಬಿಟ್ಟರು.

ಕೆಲಸ ಶುರುವಾಯಿತು. ಮಣ್ಣು ಅಗೆದು, ತಟ್ಟಿ ಗಟ್ಟಿ ಮಾಡಿ, ಸುತ್ತ ಇಟ್ಟಿಗೆಯ ಅಂಚು ಕಟ್ಟಿ, ನಾಲ್ಕು ಕಂಬ ನಿಲ್ಲಿಸಿದರು. ಜಲ್ಲಿಯ ಕೆಳಗೆ ಕಳೆ ಬರದಂತೆ ಒಂದು ದಪ್ಪ ಬಟ್ಟೆ ಹಾಸಬೇಕು ಎಂದು ಕೆಲಸದವರು ಹೇಳಿದ್ದೇ ತಡ, ಅತ್ತೆಯ ಮುಖ ಅರಳಿತು. "ನೋಡಿದ್ಯೇನೇ, ಇದಕ್ಕೂ ಲೈನಿಂಗ್ ಇದೆ" ಎಂದು ನನ್ನನ್ನು ಕೂಗಿ ಕರೆದರು. ಬಟ್ಟೆಯ ಎರಡು ತುಂಡುಗಳನ್ನು ಅಂಚಿನ ಮೇಲೆ ಅಂಚು ಬರುವಂತೆ ಹಾಸಿದರೆ ಸಾಕಾಗಿತ್ತು. ಅತ್ತೆ ಬಿಡಲಿಲ್ಲ, ಮಂಡಿಯೂರಿ ಕೂತು ದಬ್ಬಣದಲ್ಲಿ ಹೊಲಿದರು. ಯಾರಿಗೂ ಕಾಣದ ಆ ಹೊಲಿಗೆ ಇವತ್ತಿಗೂ ಜಲ್ಲಿಯ ಕೆಳಗಿದೆ, ನೇರವಾಗಿದೆ.

ಸೂರು ಹಾಕಿದ ಮೇಲೆ ಜಲ್ಲಿ ಸುರಿಯುವುದು ಎಲ್ಲರ ಪದ್ಧತಿ. ಲೈನಿಂಗ್ ಆದಮೇಲೆ ಅದರ ಮೇಲಿನ ಬಟ್ಟೆ ಎಂಬುದು ಅತ್ತೆಯ ಪದ್ಧತಿ. ಹಾಗಾಗಿ ಜಲ್ಲಿಯೇ ಮೊದಲು ಬಿತ್ತು. ವೆಲ್ಡಿಂಗಿನವನು ಬಂದು ನೋಡಿ ತಲೆ ಕೆರೆದುಕೊಂಡ.

ಅವನು ತನ್ನ ಅಂಗಡಿಯಲ್ಲೇ ಕಬ್ಬಿಣದ ಚೌಕಟ್ಟು ಮಾಡಿ ತರುವುದೆಂದು ಮಾತಾಗಿತ್ತು. ಕಂಬದ ಮೇಲೆ ಚೌಕಟ್ಟು ಕೂರಿಸಿ, ಬೆಸೆದು, ಮೇಲೆ ತಗಡಿನ ಶೀಟು ಹಾಕುವುದು. ಅಳತೆ ಕೊಟ್ಟವರು ಅತ್ತೆ. ಒಂದು ಬೆಳಿಗ್ಗೆ ಅವನು, ಅವನ ಕಡೆಯ ಇಬ್ಬರು, ನಮ್ಮವರು, ಈ ನಾಲ್ವರು ಚೌಕಟ್ಟನ್ನು ಪಕ್ಕದ ಓಣಿಯಿಂದ ಹೊತ್ತು ತಂದು, ಮೂಲೆಗೊಂದು ಸ್ಟೂಲಿನ ಮೇಲೆ ಹತ್ತಿ, ಕಂಬಗಳ ಮೇಲೆ ಇಟ್ಟರು. ಇಟ್ಟವರು ಹಾಗೇ ನಿಂತರು. ಚೌಕಟ್ಟು ನಾಲ್ಕೂ ಕಡೆ ಒಂದೊಂದು ಅಡಿ ಹೊರಗಿತ್ತು. ಹಿಂದುಗಡೆ ಕಾಂಪೌಂಡ್ ದಾಟಿ ಆಚೆ ಮನೆಯ ನರ್ಸಮ್ಮನ ಪಪ್ಪಾಯಿ ಗಿಡಕ್ಕೆ ತಾಗಿತ್ತು.

ನರ್ಸಮ್ಮ ಗೋಡೆಯ ಮೇಲಿಂದ ಇಣುಕಿ, "ನಮಗೂ ಸ್ವಲ್ಪ ನೆರಳು ಕೊಡ್ತಿದ್ದೀರಾ? ಒಳ್ಳೇದೇ ಆಯ್ತು" ಅಂದರು.

"ಅಮ್ಮಾ, ನೀವು ಕೊಟ್ಟ ಅಳತೇನೇ ಇದು" ಎಂದು ವೆಲ್ಡಿಂಗಿನವನು ಮೊದಲೇ ಕೈತೊಳೆದುಕೊಂಡ.

ಅತ್ತೆ ಕೊರಳಿನ ಟೇಪು ತೆಗೆದು ಅಳೆದರು. ಮತ್ತೆ ಅಳೆದರು. ಆಮೇಲೆ ಬಹಳ ಮೆಲ್ಲಗೆ, "ಹೊಲಿಗೆಗೆ ಬಿಟ್ಟಿದ್ದೆ" ಅಂದರು.

"ಏನು ಬಿಟ್ಟಿದ್ರಿ?"

"ಬ್ಲೌಸಿಗೆ ಒಂದಿಂಚು ಒಳಗೆ ಬಿಡ್ತೀವಲ್ಲಪ್ಪ, ಹೊಲಿಗೆಗೆ. ಇದು ದೊಡ್ಡದು ಅಂತ ಒಂದಡಿ ಬಿಟ್ಟೆ."

ಕಬ್ಬಿಣಕ್ಕೆ ಹೊಲಿಗೆಯ ಅಂಚು. ವೆಲ್ಡಿಂಗಿನವನು ನಗುವುದೋ ಅಳುವುದೋ ತಿಳಿಯದೆ ಸ್ಟೂಲಿನ ಮೇಲೆ ನಿಂತಿದ್ದ. ನಾನಂತೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಗುತ್ತಲೇ ಅತ್ತೆಯ ಮುಖ ನೋಡಿದೆ, ನಗು ನಿಂತಿತು. ಜೀವಮಾನದಲ್ಲಿ ಅಳತೆ ತಪ್ಪದವರು, ಇದೊಂದರಲ್ಲಿ ತಪ್ಪಿದ್ದರು. ಮಾವನಿಗಾಗಿ ಹೊಲಿದದ್ದರಲ್ಲೇ.

"ಕತ್ತರಿಸಿ ಒಯ್ದು ಮತ್ತೆ ಮಾಡ್ಬೇಕು" ಎಂದ ವೆಲ್ಡಿಂಗಿನವನು.

"ಸ್ವಲ್ಪ ಮನೆ ಕಡೆ ಎಳೆದು ನೋಡೋಣ" ಅಂದರು ನಮ್ಮವರು.

ನೋಡೋಣ ಎಂದದ್ದೇ ನಾಲ್ವರೂ ನಾಲ್ಕು ದಿಕ್ಕಿಗೆ ಎಳೆದರು. ಚೌಕಟ್ಟು ಸೊಟ್ಟಗೆ ತಿರುಗಿ ಒಂದು ಮೂಲೆ ಕಿಟಕಿಯ ಗಾಜಿನತ್ತ ಹೊರಟಿತು. ಎಡಕ್ಕೆ ಅಂದರೆ ಒಬ್ಬನ ಎಡ ಇನ್ನೊಬ್ಬನ ಬಲ. ಕಿಟಕಿಯೊಳಗಿಂದ ಮಾವ ಏನೋ ಕೂಗುತ್ತಿದ್ದರು. ಕಬ್ಬಿಣದ ಕಿರುಚಾಟದಲ್ಲಿ ಯಾರಿಗೂ ಕೇಳಲಿಲ್ಲ.

ಆಮೇಲೆ ಕೇಳಿತು. ಹತ್ತಿರದಿಂದಲೇ ಕೇಳಿತು.

"ಹೋಲ್ಡಾನ್."

ನಾಲ್ವರೂ ನಿಂತರು. ಆ ದನಿಗೆ ತುಂಬಿದ ಬಸ್ಸೇ ನಿಲ್ಲುತ್ತಿತ್ತು, ಇವರು ಯಾವ ಲೆಕ್ಕ.

"ನನ್ನ ಮಾತು ಮಾತ್ರ ಕೇಳ್ಬೇಕು. ನೀವ್ ನೀವೇ ಮಾತಾಡ್ಕೋಬೇಡಿ. ಮೊದ್ಲು ಪಪ್ಪಾಯಿ ಕಡೆಯವರಿಬ್ರೂ ಎತ್ತಿ. ಹಾಂ. ಈಗ ಮನೆ ಕಡೆಗೆ ಬರ್ಲಿ. ಬರ್ಲಿ, ಬರ್ಲಿ, ಬರ್ಲಿ. ಲೋ ಮಗಾ, ನಿನ್ನ ಮೂಲೆ ಹಿಂದೆ ಬಿತ್ತು, ತಾ. ಬರ್ಲಿ. ಇನ್ನೊಂಚೂರು. ಸಜ್ಜಾ ಕೆಳಗೆ ಹೋಗ್ಲಿ. ಹೋಲ್ಡಾನ್. ಇಳಿಸಿ."

ಚೌಕಟ್ಟು ಕಂಬಗಳ ಮೇಲೆ ಸದ್ದಿಲ್ಲದೆ ಕೂತಿತು. ಹಿಂದುಗಡೆ ಸರಿಯಾಗಿ ಕಾಂಪೌಂಡಿನ ಒಳಗೆ. ಮುಂದುಗಡೆ, ಹೆಚ್ಚಿಗೆ ಬಿಟ್ಟಿದ್ದ ಅಡಿಗಳೆರಡೂ ಸೇರಿ, ಬಾಗಿಲ ಸಜ್ಜಾದ ಕೆಳಗೆ ನುಸುಳಿದ್ದವು. ಬಾಗಿಲಿನಿಂದ ಸೂರಿನವರೆಗೆ ಇದ್ದ ತೆರಪು, ಮಾವ ಬಿದ್ದ ಜಾಗ, ಪೂರ್ತಿ ಮುಚ್ಚಿಹೋಗಿತ್ತು.

"ಇದನ್ನ ಯಾರೂ ಕತ್ತರಿಸಬೇಡಿ" ಅಂದರು ಮಾವ. "ಇಷ್ಟು ದಿನಕ್ಕೆ ಅಳತೆ ಸರಿಯಾಗಿ ಕೊಟ್ಟಿದ್ದಾಳೆ."

ವೆಲ್ಡಿಂಗಿನವನಿಗೆ ಏನೂ ಗೊತ್ತಿರಲಿಲ್ಲ, ಅವನು ಸ್ಟೂಲಿನಿಂದ ಇಳಿಯುತ್ತಿದ್ದ. ನಾವು ಮೂವರು, ಗೋಡೆಯಾಚೆಯ ನರ್ಸಮ್ಮ ಸೇರಿದರೆ ನಾಲ್ವರು, ಬೆಪ್ಪಾಗಿ ಮಾವನನ್ನೇ ನೋಡುತ್ತಿದ್ದೆವು. ಅವರು ಹಿತ್ತಲಿನ ನಟ್ಟನಡುವೆ, ಜಲ್ಲಿಯ ಮೇಲೆ, ಬರಿಗಾಲಲ್ಲಿ ನಿಂತಿದ್ದರು. ಒಂದು ಕೈ ಇನ್ನೂ ಮೇಲಿತ್ತು. ಏನನ್ನೂ ಹಿಡಿದುಕೊಂಡಿರಲಿಲ್ಲ.

"ಏನು, ಎಲ್ಲಾರೂ ಹೀಗೆ ನೋಡ್ತಿದ್ದೀರಿ?"

ಹಾಗೆ ಕೇಳಿ ತಾವೂ ಕೆಳಗೆ ನೋಡಿಕೊಂಡರು. ಎತ್ತಿದ್ದ ಕೈ ಮೆಲ್ಲಗೆ ಇಳಿಯಿತು. ಈಗ ಗೋಡೆ ಹುಡುಕುತ್ತಾರೆ, ಈಗ ಒಳಗೆ ಓಡುತ್ತಾರೆ ಅಂದುಕೊಂಡೆ. ಬಾಯಿಬಡುಕಿಯಾದ ನಾನೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಅತ್ತೆ ಸೂಜಿಗಾಗಿ ಸೆರಗು ತಡಕಿದರು. ಒಂದೂ ಸಿಗದೆ ಟೇಪಿನ ತುದಿಯನ್ನೇ ಕಚ್ಚಿಕೊಂಡರು. ಅವರ ಕಣ್ಣು ತುಂಬಿತ್ತು.

ಆಮೇಲೆ ಟೇಪು ಬಾಯಿಂದ ತೆಗೆದು, ಗಿರಾಕಿಗೆ ಹೇಳುವ ಹಾಗೆ, ಏನೂ ಆಗಿಲ್ಲವೆಂಬಂತೆ ಹೇಳಿದರು: "ಚಪ್ಪಲಿ ಹಾಕ್ಕೊಳ್ಳಿ ರೀ. ಕಲ್ಲು ಚುಚ್ಚುತ್ತೆ."

ಮಾವ ಒಂದು ಪಾದವನ್ನು ಜಲ್ಲಿಯಲ್ಲಿ ಒತ್ತಿ ನೋಡಿದರು. ಇನ್ನೊಂದನ್ನೂ ಒತ್ತಿದರು. ಕಲ್ಲು ಕರಕರ ಅಂದಿತು.

"ಚುಚ್ಚಲಿ ಬಿಡು" ಅಂದರು. "ಜಾರಲ್ವಲ್ಲ. ಹೋಗು, ಇಬ್ಬರಿಗೂ ಕಾಫಿ ಇಲ್ಲಿಗೇ ತಾ."